ಕಲ್ಲುಹೂವಿನ ಪೊಟ್ಟಣ



ಬೆಂಗಳೂರಿನ ಚಿಕ್ಕಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ ಕಲ್ಲುಹೂವು ಕೇಳಿದರೆ ಚೀಲದಿಂದ ಒಂದು ಹಿಡಿ ತೆಗೆದು ತೂಗಿ ಕೊಡುತ್ತಾರೆ. ಮೇಲೆ ಬೂದಿ ಬಣ್ಣ, ಕೆಳಗೆ ಕಪ್ಪು. ಕಾದ ಎಣ್ಣೆಗೆ ಬಿದ್ದಾಗಲೇ ಅದರ ಘಮ. ಉತ್ತರಾಖಂಡ, ಹಿಮಾಚಲದ ಕಾಡುಗಳಲ್ಲಿ ಮರದಿಂದ ಹೆರೆದು ಮಂಡಿಗಳಿಗೆ ತರುವ ಸರಕು ಇದು. ಒಂದೇ ಚೀಲದಲ್ಲಿ ಹಲವು ಜಾತಿ ಬೆರೆತಿರುತ್ತವೆ. ಪಟ್ಟಿಯಂಥ ಕಿರಿದಾದ ಎಸಳು, ಅಂಚಿಗೆ ಕರಿ ರೋಮ ಕಂಡರೆ ಅದು ಎತ್ತರದ ಬೆಟ್ಟಗಳ ಎವರ್ನಿಯಾಸ್ಟ್ರಮ್ ಸಿರ್ರಾಟಮ್ ಇರಬಹುದು.

1825ರಲ್ಲಿ ಸ್ವೀಡನ್ನಿನ ಎಲಿಯಾಸ್ ಫ್ರೀಸ್ ಈ ಜಾತಿಯನ್ನು ಪಾರ್ಮೇಲಿಯಾ ಕುಲಕ್ಕೆ ಸೇರಿಸಿ ಹೆಸರಿಟ್ಟರು. ಕಲ್ಲುಹೂವು ಒಂದೇ ಜೀವಿಯಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಸಂಸಾರ ಎಂದು ಸಸ್ಯಶಾಸ್ತ್ರಜ್ಞ ಸೈಮನ್ ಶ್ವೆಂಡನರ್ 1867ರಲ್ಲಿ ಹೇಳಿದಾಗ ಪಂಡಿತರು ಸಿಡಿದೆದ್ದರು. ಫಿನ್‌ಲೆಂಡಿನ ವಿಲಿಯಂ ನೈಲಾಂಡರ್ ಅಂತೂ ಕೊನೆಯವರೆಗೂ ಒಪ್ಪಲಿಲ್ಲ. ತಮಾಷೆಯೆಂದರೆ, ಜಾತಿ ಗುರುತಿಸಲು ರಾಸಾಯನಿಕ ಪರೀಕ್ಷೆಯನ್ನು ಬಳಕೆಗೆ ತಂದವರೂ ಅವರೇ. ಸಿರ್ರಾಟಮ್‌ನ ಒಳಪದರಕ್ಕೆ ಪೊಟ್ಯಾಶ್ ದ್ರಾವಣ ಒಂದು ಹನಿ ಬಿಡಿ: ಮೊದಲು ಹಳದಿ, ನೋಡುತ್ತಿದ್ದಂತೆ ಕೆಂಪು.

ಒಣ ಸಸ್ಯಗಳ ಸಂಗ್ರಹಾಲಯವಾದ ಹರ್ಬೇರಿಯಂನಲ್ಲಿ ಕಲ್ಲುಹೂವನ್ನು ಒಣಗಿಸಿ, ಮಡಿಚಿದ ಕಾಗದದ ಪೊಟ್ಟಣದಲ್ಲಿಡುತ್ತಾರೆ. ಮೇಲೊಂದು ಚೀಟಿ: ಯಾವ ಊರು, ಎಷ್ಟು ಎತ್ತರ, ಯಾವ ಮರ, ತಂದವರು ಯಾರು, ತಾರೀಖು ಎಷ್ಟು. ಅಂಗಡಿಯ ಚೀಲಕ್ಕೂ ಇದಕ್ಕೂ ಇರುವ ವ್ಯತ್ಯಾಸವೇ ಆ ಚೀಟಿ. ಹೆಸರು ಬದಲಾದರೆ ಹಳೆಯದನ್ನು ಕೀಳುವುದಿಲ್ಲ, ಪಕ್ಕದಲ್ಲಿ ಹೊಸದು ಅಂಟಿಸುತ್ತಾರೆ. ನಮ್ಮ ಸಿರ್ರಾಟಮ್ ಅನ್ನೂ ಈಗ ಹೈಪೋಟ್ರಾಕೈನಾ ಕುಲಕ್ಕೆ ಸೇರಿಸುವವರಿದ್ದಾರೆ.

ಬಹುಕಾಲ ಭಾರತದ ಮಾದರಿಗಳು ಯೂರೋಪಿಗೇ ಹೋಗುತ್ತಿದ್ದವು. ಇಲ್ಲೇ ಈ ಅಧ್ಯಯನಕ್ಕೆ ಬುನಾದಿ ಹಾಕಿದವರು ಲಕ್ನೋದ ಪ್ರೊ. ಧರಣೀಧರ ಅವಸ್ಥಿ. 1965ರಲ್ಲಿ ಭಾರತ, ನೇಪಾಳ, ಪಾಕಿಸ್ತಾನ, ಸಿಲೋನ್‌ಗಳ ಕಲ್ಲುಹೂವುಗಳ ಪಟ್ಟಿಯನ್ನೇ ಹೊರತಂದರು. ಅವರ ಸಂಗ್ರಹ ಈಗ ಅಲ್ಲಿಯ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿದೆ.

ಹಳೆಯ ಪೊಟ್ಟಣಗಳಿಗೆ ಇನ್ನೊಂದು ಉಪಯೋಗವೂ ಇದೆ. ಕಲ್ಲುಹೂವಿಗೆ ಬೇರಿಲ್ಲ. ಬೇಕಾದ್ದನ್ನೆಲ್ಲ ಗಾಳಿ, ಮಳೆಯಿಂದಲೇ ಹೀರಿಕೊಳ್ಳುತ್ತದೆ. ವಾಹನದ ಹೊಗೆ, ಧೂಳಿನಲ್ಲಿರುವ ಲೋಹಗಳೂ ಜೊತೆಗೇ ಒಳಸೇರುತ್ತವೆ. ಹಾಗಾಗಿ ಬೀದಿಯ ಹೆಸರು, ತಾರೀಖು ಬರೆದಿಟ್ಟ ಪೊಟ್ಟಣವನ್ನು ಎಷ್ಟೋ ವರ್ಷದ ಮೇಲೆ ಬಿಚ್ಚಿದರೂ ಅಂದಿನ ಗಾಳಿಯ ಸುಳಿವು ಸಿಗುತ್ತದೆ. ಲಕ್ನೋದ ಅದೇ ಸಂಸ್ಥೆಯ ಸಂಜೀವ ನಾಯಕ, ಡಿ.ಕೆ. ಉಪ್ರೇತಿ ಮೊದಲಾದವರು ನಮ್ಮ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಜೊತೆಗೂಡಿ ಬೆಂಗಳೂರಿನ ಬೀದಿಗಳಲ್ಲೂ ಲಾಲ್‌ಬಾಗಿನಲ್ಲೂ ಕಲ್ಲುಹೂವು ಹುಡುಕಿ, ಅದರಲ್ಲಿ ಸೇರಿದ ಭಾರಲೋಹಗಳನ್ನು ಅಳೆದು, 2003ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು.