ತಾನೇ ಕೊಂಬೆ ಕಳಚುವ ಮರಕ್ಕೆ ಕತ್ತರಿ

ಕನ್ನಡದಲ್ಲಿ ‘ಸವರು’ ಎಂಬ ಕ್ರಿಯಾಪದವಿದೆ. ಮಗುವಿನ ತಲೆಯನ್ನು ಕೈಯಿಂದ ಸವರುತ್ತೇವೆ. ಬೇಲಿಯ ಗಿಡವನ್ನು ಕತ್ತಿಯಿಂದಲೂ ಸವರುತ್ತೇವೆ. ಈ ಎರಡು ಅರ್ಥಗಳೂ ಒಟ್ಟಿಗೆ ನೆನಪಿನಲ್ಲಿರಬೇಕಾದ ಮರವೊಂದರ ವಿಚಾರವನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅದು ಆಸ್ಟ್ರೇಲಿಯದ ವೊಲೆಮೈ ಪೈನ್.

ಹೆಸರಿನಲ್ಲಿ ಪೈನ್ ಎಂದಿದ್ದರೂ ಇದು ನಿಜವಾದ ಪೈನ್ ಅಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗೋಪುರದಂತೆ ನಿಂತಿರುವ ಅರೋಕೇರಿಯಾ ಮರಗಳ ಬಂಧು. 1994ರಲ್ಲಿ ಡೇವಿಡ್ ನೋಬಲ್ ಎಂಬ ಉದ್ಯಾನಾಧಿಕಾರಿ ಸಿಡ್ನಿಯ ವಾಯವ್ಯಕ್ಕಿರುವ ವೊಲೆಮೈ ರಾಷ್ಟ್ರೀಯ ಉದ್ಯಾನದ ಕಡಿದಾದ ಕಮರಿಯೊಂದರಲ್ಲಿ ಇದನ್ನು ಕಂಡರು. ಇದನ್ನು ಹೋಲುವ ಮರಗಳು ಅದುವರೆಗೆ ಪಳೆಯುಳಿಕೆಗಳ ರೂಪದಲ್ಲಿ ಮಾತ್ರ ಪರಿಚಿತವಾಗಿದ್ದವು. ಕಾಡಿನಲ್ಲಿ ಬಲಿತ ಮರಗಳ ಸಂಖ್ಯೆ ನೂರಕ್ಕಿಂತ ಕಡಿಮೆ. ಅವು ಇರುವ ಸ್ಥಳವನ್ನು ಗುಟ್ಟಾಗಿಯೇ ಇರಿಸಲಾಗಿದೆ. 2005ರಲ್ಲಿ ಕೃಷಿಮಾಡಿದ ಗಿಡಗಳನ್ನು ಹರಾಜಿಗಿಟ್ಟು, ಅನಂತರ ಹೊರದೇಶಗಳಿಗೂ ಮಾರತೊಡಗಿದರು. ಮನೆಯಂಗಳದಲ್ಲಿಯೇ ಮರ ದೊರೆತರೆ ಕಮರಿಯನ್ನು ಹುಡುಕಿಕೊಂಡು ಹೋಗುವವರು ಕಡಿಮೆಯಾದಾರೆಂಬುದು ಅದರ ಹಿಂದಿದ್ದ ಒಂದು ಯೋಚನೆ. ಹೀಗೆ ಈ ಅಪೂರ್ವ ವೃಕ್ಷವು ಸಾಮಾನ್ಯ ತೋಟಗಾರನ ಕತ್ತರಿಯ ಅಳವಿಗೆ ಬಂದಿತು.

ಪೈನ್, ಸೈಪ್ರೆಸ್ ಮೊದಲಾದ ಮರಗಳನ್ನು ಎಲೆಯಿಲ್ಲದ ಹಳೆಯ ಭಾಗದವರೆಗೆ ಕತ್ತರಿಸಿದರೆ ಸಾಮಾನ್ಯವಾಗಿ ಮತ್ತೆ ಚಿಗುರು ಬಾರದು. ವೊಲೆಮೈಯ ರೀತಿಯೇ ಬೇರೆ. ಕುದಿಯುವ ಬೆಲ್ಲದ ಪಾಕದಲ್ಲಿ ಗುಳ್ಳೆಗಳೆದ್ದಂತೆ ಕಾಣುವ ಅದರ ಕಂದು ತೊಗಟೆಯ ಕೆಳಗೆ ಚಿಗುರುವ ಶಕ್ತಿ ಅಡಗಿಕೊಂಡಿರುತ್ತದೆ. ಬುಡದಿಂದಲೂ ಹೊಸ ಕಾಂಡಗಳು ಏಳುತ್ತವೆ. ಅದಕ್ಕಿಂತ ವಿಶೇಷವಾದುದು ಅದರ ಕೊಂಬೆಗಳ ಸ್ವಭಾವ. ಒಂದು ಕೊಂಬೆ ಕೆಲವು ವರ್ಷ ಅಡ್ಡಡ್ಡವಾಗಿ, ಸಾಮಾನ್ಯವಾಗಿ ಕವಲೊಡೆಯದೆ ಬೆಳೆಯುತ್ತದೆ. ಅನೇಕ ವೇಳೆ ತುದಿಯಲ್ಲಿ ಬೀಜ ಅಥವಾ ಪರಾಗವನ್ನು ಹೊರುವ ಶಂಕುವನ್ನು ತಳೆಯುತ್ತದೆ. ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ಮರವು ಇಡೀ ಕೊಂಬೆಯನ್ನೇ ಕಳಚಿ ಕೆಡವುತ್ತದೆ. ಕೆಳಗಿನ ಕೊಂಬೆ ಕಂದಿದುದನ್ನು ಕಂಡು ರೋಗವೆಂದು ಗಾಬರಿಯಾಗುವವರಿದ್ದಾರೆ. ಗಾಬರಿಪಡುವ ಮುನ್ನ ಕಂದಿದ್ದು ಒಂದು ಹಳೆಯ ಕೊಂಬೆಯೋ, ಇಡೀ ಗಿಡವೋ ಎಂದು ನೋಡಬೇಕು. ಮೊದಲನೆಯದಾದರೆ ಕಾಂಡಕ್ಕೆ ಗಾಯವಾಗದಂತೆ ಅದನ್ನು ಬುಡದಲ್ಲಿ ತೆಗೆದರೆ ಸಾಕು.

ಕಾಲವೆಂದರೆ ಚಳಿಗಾಲ; ಆಸ್ಟ್ರೇಲಿಯದಲ್ಲಿ ಜೂನ್‌ನಿಂದ ಆಗಸ್ಟ್. ಆಗ ಮರ ವಿಶ್ರಾಂತಿಯಲ್ಲಿರುತ್ತದೆ. ತುದಿಮೊಗ್ಗುಗಳು ಬಿಳಿಯ ಮೇಣದ ಟೊಪ್ಪಿಗೆಯನ್ನು ಧರಿಸಿರುತ್ತವೆ. ವಸಂತದಲ್ಲಿ ಈ ಟೊಪ್ಪಿಗೆ ಒಡೆದು ಎಳೆಹಸಿರು ಹೊರಬರುವುದಕ್ಕೆ ಮೊದಲೇ ಕೆಲಸ ಮುಗಿದಿರಬೇಕು. ಬೆಳೆದ ತುದಿಯ ಅಥವಾ ಕೊಂಬೆಯ ಮೂರರಲ್ಲಿ ಎರಡು ಭಾಗವನ್ನು ತೆಗೆದರೂ ಗಿಡ ತಾಳಿಕೊಳ್ಳುವುದೆಂದು ಬೆಳೆಗಾರರಿಗೆ ಹೇಳುವುದುಂಟು. ತಾಳಿಕೊಳ್ಳುತ್ತದೆಂಬುದು ಕತ್ತರಿಸಲು ಕಾರಣವಾಗಲಾರದು. ಕುಂಡದಲ್ಲಿ ಇಟ್ಟ ಗಿಡವನ್ನು ಗಿಡ್ಡಾಗಿ ಉಳಿಸಲು ಕತ್ತರಿ ಬೇಕು, ಒಪ್ಪುತ್ತೇನೆ. ನಲವತ್ತು ಮೀಟರಿನವರೆಗೆ ಏರಬಲ್ಲ ಮರಕ್ಕೆ ನೆಲವನ್ನೂ ಆಕಾಶವನ್ನೂ ಕೊಟ್ಟವರು ಅದನ್ನು ಅದರ ಪಾಡಿಗೆ ಬಿಡುವುದೇ ಲೇಸು.

ನಮ್ಮ ಮಲೆನಾಡಿನ ಕಾಫಿ ಬೆಳೆಗಾರರು ಕಪಾತು ಮಾಡುವಾಗ ನೆಟ್ಟಗೇಳುವ ಕಂಬಚಿಗುರನ್ನೂ ಅಡ್ಡ ಹರಡುವ ರೆಕ್ಕೆಯನ್ನೂ ಒಂದೆಂದು ಎಣಿಸುವುದಿಲ್ಲ. ವೊಲೆಮೈಯಲ್ಲಿಯೂ ಈ ಭೇದವಿದೆ. ನೆಟ್ಟನೆಯ ತುದಿಯನ್ನು ಚಿವುಟಿದರೆ ಒಂದರ ಬದಲು ಹಲವು ತುದಿಗಳು ಏಳಬಹುದು. ಪೊದೆಯಂತಿರಲೆಂದರೆ ಎಲ್ಲವನ್ನೂ ಬಿಡಿ, ಮರದಂತಿರಬೇಕೆಂದರೆ ಬಲವಾದುದೊಂದನ್ನು ಉಳಿಸಿ. ಕತ್ತರಿಸಿದ ನೆಟ್ಟನೆಯ ತುದಿ ಬೇರೂರಿದರೆ ಮರವಾಗುತ್ತದೆ. ಅಡ್ಡಕೊಂಬೆಯ ತುಂಡು ಬೇರೂರಿದರೂ ಕೊಂಬೆಯಾಗಿಯೇ ಅಡ್ಡಕ್ಕೆ ಬೆಳೆಯುವ ಚಾಳಿಯನ್ನು ಬಿಡದು.

ಎಲ್ಲಕ್ಕಿಂತ ಮುಖ್ಯವಾದುದು ಕತ್ತರಿಯ ಶುಚಿ. ಕಾಡಿನ ಈ ಮರಗಳಲ್ಲಿ ಆನುವಂಶಿಕ ವೈವಿಧ್ಯ ಅತ್ಯಲ್ಪ. ಒಂದಕ್ಕೆ ತಗಲುವ ರೋಗವನ್ನು ಇನ್ನೊಂದು ತಡೆದೀತೆಂಬ ಭರವಸೆಯಿಲ್ಲ. 2005ರಲ್ಲಿ ಆ ಗುಟ್ಟಿನ ಕಮರಿಯಲ್ಲಿಯೂ ಫೈಟಾಫ್ತೊರಾ ಎಂಬ ಬೇರುಕೊಳೆಯ ರೋಗಾಣು ಕಾಣಿಸಿಕೊಂಡಿತು. ನಮ್ಮ ಅಡಿಕೆ ತೋಟಗಳ ಕೊಳೆರೋಗಕ್ಕೆ ಕಾರಣವಾಗುವುದೂ ಇದೇ ಕುಲದ ಇನ್ನೊಂದು ಜೀವಿ. ಅಪ್ಪಣೆಯಿಲ್ಲದೆ ಇಳಿದವರ ಬೂಟಿನ ಮಣ್ಣಿನಲ್ಲಿ ಅದು ಬಂದಿರಬೇಕೆಂಬ ಶಂಕೆಯಿದೆ. 2019–20ರ ಭೀಕರ ಕಾಳ್ಗಿಚ್ಚಿನಲ್ಲಿ ಹೆಲಿಕಾಪ್ಟರಿನಿಂದ ಸಿಬ್ಬಂದಿಯನ್ನು ಇಳಿಸಿ, ನೀರು ಹಾಯಿಸಿ ಈ ಮರಗಳನ್ನು ಉಳಿಸಿಕೊಂಡರು. ಮಣ್ಣಿನೊಳಗೆ ಸದ್ದಿಲ್ಲದೆ ಹರಡುವ ರೋಗಕ್ಕೆ ಅಂಥ ಉಪಾಯವಿಲ್ಲ.

ಆದುದರಿಂದ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕತ್ತರಿಯ ಅಲಗನ್ನು ತೊಳೆದು ಸ್ಪಿರಿಟ್‌ನಿಂದ ಒರೆಸಿಕೊಳ್ಳಬೇಕು. ಪಾದರಕ್ಷೆಯ ಮಣ್ಣನ್ನು ತೋಟದ ಹೊರಗೇ ಕೊಡವಬೇಕು. ಬುಡದಲ್ಲಿ ನೀರು ನಿಲ್ಲಗೊಡಬಾರದು. ಸವರಿದ ಗಿಡದಲ್ಲಿ ಎಲೆ ಕಡಿಮೆಯಾದ್ದರಿಂದ ಅದು ಹೀರುವ ನೀರೂ ಕಡಿಮೆ. ಕುಂಡದ ಮೇಲ್ಮಣ್ಣು ಒಣಗಿದುದನ್ನು ಬೆರಳಿನಿಂದ ಮುಟ್ಟಿ ನೋಡಿಯೇ ಮುಂದಿನ ಬಾರಿ ನೀರೆರೆಯಬೇಕು.