ದಣಿವಿನ ಮಿತಿಯೊಳಗೆ ಚಟುವಟಿಕೆ



ದುಡಿದ ದೇಹಕ್ಕೆ ದಣಿವು ಸಹಜ. ಒಂದು ರಾತ್ರಿಯ ನಿದ್ರೆ, ಒಂದು ದಿನದ ಬಿಡುವು ದೊರೆತರೆ ಅದು ನೀಗುತ್ತದೆ. ವಿಶ್ರಾಂತಿ ಪಡೆದರೂ ನೀಗದೆ ತಿಂಗಳುಗಟ್ಟಲೆ ಕಾಡುವ ದಣಿವು ಬೇರೆ ಬಗೆಯದು. ಅದರಿಂದ ಬಳಲುವವರಿಗೆ ಬಂಧುಮಿತ್ರರು ಸಾಮಾನ್ಯವಾಗಿ ನೀಡುವ ಸಲಹೆ ಒಂದೇ: ದಿನವೂ ಚೆನ್ನಾಗಿ ನಡೆದಾಡಿದರೆ ಎಲ್ಲವೂ ಸರಿಹೋಗುತ್ತದೆ. ಈ ಸಲಹೆ ಎಲ್ಲರಿಗೂ ಹಿತಕರವಲ್ಲ.

ಮೊದಲು ಮಾಡಬೇಕಾದುದು ವೈದ್ಯರ ಭೇಟಿ. ರಕ್ತಹೀನತೆ, ಥೈರಾಯ್ಡ್ ದೋಷ, ಮಧುಮೇಹ, ಕ್ಷಯ, ಮಾನಸಿಕ ಖಿನ್ನತೆ ಇವೆಲ್ಲವೂ ದಣಿವನ್ನುಂಟುಮಾಡುತ್ತವೆ, ಇವುಗಳಿಗೆ ಚಿಕಿತ್ಸೆಯಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರು.

ದೀರ್ಘಕಾಲಿಕ ಆಯಾಸ ಲಕ್ಷಣಕೂಟವೆಂಬ ವ್ಯಾಧಿಯ ಸ್ವರೂಪವೇ ಬೇರೆ. ಇದರಲ್ಲಿ ಅಲ್ಪ ಶ್ರಮದ ಬಳಿಕವೂ ಬಳಲಿಕೆ ಉಲ್ಬಣಿಸುತ್ತದೆ. ಹಲವು ವೇಳೆ ಅದು ತಕ್ಷಣ ತೋರದೆ, 12ರಿಂದ 48 ಗಂಟೆಗಳ ನಂತರ ಕಾಣಿಸಿಕೊಂಡು, ದಿನಗಟ್ಟಲೆ ಅಥವಾ ವಾರಗಟ್ಟಲೆ ಉಳಿಯುತ್ತದೆ. ನಿದ್ರಿಸಿ ಎದ್ದರೂ ಉಲ್ಲಾಸವಿರುವುದಿಲ್ಲ. ನೆನಪು, ಏಕಾಗ್ರತೆಗಳೂ ಕುಂದುತ್ತವೆ. ಕೋವಿಡ್ ಬಳಿಕ ಕೆಲವರಲ್ಲಿ ಇಂಥದೇ ತೊಂದರೆ ಕಂಡುಬಂದಿದೆ.

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಮಾರ್ಗದರ್ಶಿ ಸಂಸ್ಥೆಯು 2007ರಲ್ಲಿ, ಈ ರೋಗವು ಸೌಮ್ಯ ಅಥವಾ ಮಧ್ಯಮ ಪ್ರಮಾಣದಲ್ಲಿರುವವರಿಗೆ ಹಂತಹಂತವಾಗಿ ಏರಿಸುವ ವ್ಯಾಯಾಮವನ್ನು ಶಿಫಾರಸು ಮಾಡಿತ್ತು. 2021ರ ಅಕ್ಟೋಬರಿನಲ್ಲಿ ಅದೇ ಸಂಸ್ಥೆ ಆ ಶಿಫಾರಸನ್ನು ಕೈಬಿಟ್ಟಿತು. ದೇಹ ಒಪ್ಪಲಿ, ಬಿಡಲಿ, ನಿಗದಿತ ಪ್ರಮಾಣದಲ್ಲಿ ಶ್ರಮವನ್ನು ಹೆಚ್ಚಿಸುವ ಕ್ರಮ ಸಲ್ಲದೆಂದು ಹೇಳಿ, ಇರುವ ಶಕ್ತಿಯನ್ನು ಅರಿತು ಹಂಚಿಕೊಳ್ಳುವ ವಿಧಾನವನ್ನು ಮುಂದಿಟ್ಟಿತು.

ಹಾಗೆಂದು ಸದಾ ಮಲಗಿಯೇ ಇರಬೇಕೆಂದಲ್ಲ. ಎಷ್ಟು ಕೆಲಸದ ನಂತರ ಬಳಲಿಕೆ ಹೆಚ್ಚಿತೆಂಬುದನ್ನು ಕೆಲವು ವಾರ ಬರೆದಿಟ್ಟರೆ ದೇಹದ ಮಿತಿ ತಿಳಿಯುತ್ತದೆ. ಆ ಮಿತಿಗಿಂತ ಸ್ವಲ್ಪ ಕಡಿಮೆಯೇ ದುಡಿಯುವುದು ಕ್ಷೇಮ. ಮುಂಬಯಿ, ದೆಹಲಿಯಂಥ ನಗರಗಳಲ್ಲಿ ನಿಲ್ದಾಣದ ಮೆಟ್ಟಿಲೇರುವುದು, ರೈಲಿನಲ್ಲಿ ನಿಂತು ಪಯಣಿಸುವುದು ಸಹ ಶ್ರಮವೇ. ಓದು, ದೀರ್ಘ ಸಂಭಾಷಣೆಗಳೂ ಲೆಕ್ಕಕ್ಕೆ ಬರುತ್ತವೆ. ತರಕಾರಿ ಹೆಚ್ಚುವುದನ್ನು, ಬಟ್ಟೆ ಮಡಿಸುವುದನ್ನು ಕುಳಿತೇ ಮಾಡಬಹುದು. ದೊಡ್ಡ ಕೆಲಸವನ್ನು ಭಾಗಗಳಾಗಿ ವಿಂಗಡಿಸಿ, ದಣಿಯುವ ಮುನ್ನವೇ ವಿಶ್ರಮಿಸಬೇಕು. ಮೈ ಹಗುರವೆನಿಸಿದ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಹೊರಟರೆ ಮರುದಿನ ಹಾಸಿಗೆ ಹಿಡಿಯಬೇಕಾದೀತು. ಸ್ಥಿತಿ ಸ್ಥಿರವಾದ ಮೇಲೆ, ರೋಗಿಯೇ ಬಯಸಿದಲ್ಲಿ, ಈ ವ್ಯಾಧಿಯನ್ನು ಬಲ್ಲ ಭೌತಚಿಕಿತ್ಸಕರ ಸಲಹೆಯಂತೆ ಚಲನೆಯನ್ನು ತುಸು ಹೆಚ್ಚಿಸಬಹುದು. ತೊಂದರೆ ಮರುಕಳಿಸಿದರೆ ತಗ್ಗಿಸಬೇಕು.

ಈ ವ್ಯಾಧಿಯನ್ನು ಸಂಪೂರ್ಣ ಗುಣಪಡಿಸುವ ಔಷಧ ಇನ್ನೂ ದೊರೆತಿಲ್ಲ. ಆದುದರಿಂದ ಮನೆಯವರ ತಿಳಿವಳಿಕೆಗೆ ವಿಶೇಷ ಬೆಲೆಯಿದೆ. ನಿನ್ನೆ ಓಡಾಡಿದವರು ಇಂದು ಏಳಲಾರದಿದ್ದರೆ ಅದನ್ನು ಸೋಮಾರಿತನವೆಂದು ಹಳಿಯಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಹಣದ ವಿಷಯದಲ್ಲಿ ಎಷ್ಟು ನಿಜವೋ ದೇಹಶಕ್ತಿಯ ವಿಷಯದಲ್ಲೂ ಅಷ್ಟೇ ನಿಜ.