ಮೂರು ರನ್ನಿನ ಕೊರತೆ

ಶಿಡ್ಲಘಟ್ಟದ ಹುಡುಗರಾದ ನಾವು ಗುಂಡಪ್ಪ ವಿಶ್ವನಾಥರ ಆಟವನ್ನು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು. 1975ರ ಜನವರಿ, ಮದರಾಸಿನ ಚೆಪಾಕಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಟೆಸ್ಟ್. ರೇಷ್ಮೆನೂಲು ಬಿಚ್ಚುವವರ ಮನೆಯೊಂದರ ಜಗುಲಿಯಲ್ಲಿ ರೇಡಿಯೋ, ಸುತ್ತಲೂ ನಾವು. ಇಂಗ್ಲಿಷ್ ವೀಕ್ಷಕ ವಿವರಣೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಮೈದಾನದ ಗದ್ದಲವೇ ತಿಳಿಸುತ್ತಿತ್ತು.

ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತರು. ಭಾರತದ ಮೊತ್ತ 190. ಅದರಲ್ಲಿ ಭದ್ರಾವತಿಯ ಆ ಕುಳ್ಳಗಿನ ಮನುಷ್ಯನದೇ 97. ಕೊನೆಯ ಜೊತೆಗಾರ ಚಂದ್ರಶೇಖರ್ ಔಟಾದರು. ದೂರೋಣವೆಂದರೆ ಅವರೂ ನಮ್ಮ ಕರ್ನಾಟಕದವರೇ! ಅಂದು ಅತ್ತ ಗೆಳೆಯರುಂಟು. ಭಾರತ 100 ರನ್ನುಗಳಿಂದ ಗೆದ್ದರೂ ಅವರಿಗೆ ಸಮಾಧಾನವಾಗಲಿಲ್ಲ.

ವಿಶ್ವನಾಥರ 14 ಟೆಸ್ಟ್ ಶತಕಗಳನ್ನು ನಮ್ಮಲ್ಲಿ ಯಾರೂ ಸಾಲಾಗಿ ಹೇಳಲಾರರು. ಆದರೆ ಚಿಂತಾಮಣಿಯ ಮದುವೆಮನೆಯಲ್ಲೋ ಗೌರಿಬಿದನೂರಿನ ನಿಲ್ದಾಣದಲ್ಲೋ ಆ ಗೆಳೆಯರು ಸಿಕ್ಕರೆ, ಚಂದ್ರಶೇಖರ್ ಇನ್ನೊಂದು ಓವರ್ ನಿಂತಿದ್ದರೆ ಎಂಬ ವಾದ ಇಂದಿಗೂ ಏಳುತ್ತದೆ.